ಹಳೆಯ ಹೆವಿ ಮೆಟಲ್ ಎಲ್‌ಪಿ ಸಂಗ್ರಹ ಶುರು ಮಾಡುತ್ತಿದ್ದೇನೆ. ಮೊದಲ ಪ್ರೆಸ್ಸಿಂಗ್‌ಗೇ ಕಾಯಬೇಕೇ, ಮರುಮುದ್ರಣ ಸಾಕೇ? ಮೋಸ ಹೋಗದಿರಲು ಏನು ನೋಡಬೇಕು?

ಎಲ್ಲ ಆಲ್ಬಮ್‌ಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಕೆಲವಕ್ಕೆ ಮೊದಲ ಪ್ರೆಸ್ಸಿಂಗ್‌ನ (ಆಲ್ಬಮ್ ಬಂದಾಗ ಮೊದಲು ಒತ್ತಿದ ಪ್ರತಿಗಳ) ಸಾಟಿ ಇನ್ನೂ ಬಂದಿಲ್ಲ, ಕೆಲವಕ್ಕೆ ಆಮೇಲೆ ಬಂದದ್ದೇ ಕಿವಿಗೆ ಚೆನ್ನ. ನನ್ನ ಸಲಹೆ ಇಷ್ಟೇ: ಕವರ್ ನೋಡಿ ಕೊಳ್ಳಬೇಡಿ, ರನ್‌ಔಟ್ ಓದಿ ಕೊಳ್ಳಿ. ಸವೆದುಹೋದ ಮೊದಲ ಪ್ರೆಸ್ಸಿಂಗ್‌ಗಿಂತ ಶುಭ್ರವಾಗಿ ಉಳಿದ ಮೂರನೆಯದಕ್ಕೆ ದುಡ್ಡು ಕೊಡಿ. ಗೋಡೆಗೆ ತೂಗುಹಾಕಲು ಬೇಕಿದ್ದರೆ ಮಾತು ಬೇರೆ.

ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿಗೆ ಮುಂಚೆ ಬರುವ ಬೋಳು ಪಟ್ಟಿಯೇ ರನ್‌ಔಟ್. ಅಲ್ಲಿ ಗೀಚಿದ ಅಥವಾ ಅಚ್ಚೊತ್ತಿದ ಅಕ್ಷರ, ಅಂಕಿಗಳಿರುತ್ತವೆ; ಮ್ಯಾಟ್ರಿಕ್ಸ್ ಸಂಖ್ಯೆ ಎಂದರೆ ಅದು. ಟೇಬಲ್ ದೀಪದ ಕೆಳಗೆ ತಟ್ಟೆಯನ್ನು ಓರೆಯಾಗಿ ಹಿಡಿದರೆ ಎದ್ದು ಕಾಣುತ್ತದೆ. ಕವರ್ ಬೇರೆ ಪ್ರತಿಯದಿರಬಹುದು, ಲೇಬಲ್ ಹಳೆಯ ದಾಸ್ತಾನಿನದಿರಬಹುದು. ಆದರೆ ಈ ಗುರುತು ಲೋಹದ ಅಚ್ಚಿನಿಂದಲೇ ವಿನೈಲ್ ಮೇಲೆ ಮೂಡುತ್ತದೆ, ಬದಲಾಯಿಸಲು ಬರುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಎರಡೂ ಬದಿಯ ರನ್‌ಔಟ್ ಫೋಟೋ ಕೇಳಿ. ಕೊಡಲು ಹಿಂದೆಮುಂದೆ ನೋಡುವವರ ಬಳಿ ದುಬಾರಿ ಪ್ರತಿ ಕೊಳ್ಳಬೇಡಿ.

ಓದುವುದು ಹೇಗೆ? ಐರನ್ ಮೇಡನ್‌ನ 1980ರ ಮೊದಲ ಆಲ್ಬಮ್ ತೆಗೆದುಕೊಳ್ಳಿ. ಬ್ರಿಟನ್ನಿನ ಇಎಂಐ ಪ್ರತಿಯ ಸಂಖ್ಯೆ ಇಎಂಸಿ 3330. ರನ್‌ಔಟ್‌ನಲ್ಲಿ ಆ ಸಂಖ್ಯೆಯ ಜೊತೆ ‘ಎ-1ಯು’ ಎಂಬಂಥ ಗುರುತಿದ್ದರೆ ಅದು ಆ ಬದಿಯ ಮೊದಲ ಕಟ್ (ಸದ್ದಿನ ಗೀರುಗಳನ್ನು ಮೂಲ ತಟ್ಟೆಯ ಮೇಲೆ ಕೊರೆಯುವುದೇ ಕಟ್). ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಗಡಿಯಾರದ ಆರು ಗಂಟೆಯ ಜಾಗಕ್ಕೆ ತಿರುಗಿಸಿಕೊಂಡರೆ ಒಂಬತ್ತರ ಕಡೆ ಒಂದು ಸಣ್ಣ ಅಂಕಿ, ಮೂರರ ಕಡೆ ಒಂದೆರಡು ಅಕ್ಷರ. ಅಂಕಿ ಮದರ್ ಎನ್ನುವ ನಡುವಣ ಅಚ್ಚಿನದು, ಅಕ್ಷರ ವಿನೈಲನ್ನು ಒತ್ತುವ ಕೊನೆಯ ಅಚ್ಚಾದ ಸ್ಟ್ಯಾಂಪರ್‌ನದು. ಇಎಂಐ ಬಳಸುತ್ತಿದ್ದ ಕ್ರಮ ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ. ಇವಕ್ಕೆ ಸರಿಯಾಗಿ 1ರಿಂದ 9, ಕೊನೆಯದು 0. ‘ಆರ್‌ಎ’ ಎಂದಿದ್ದರೆ ಇಪ್ಪತ್ತಮೂರನೆಯ ಸ್ಟ್ಯಾಂಪರ್. ಒಂದು ಸ್ಟ್ಯಾಂಪರ್ ಸಾವಿರದ ಆಸುಪಾಸು ತಟ್ಟೆ ಒತ್ತಿ ಸವೆಯುತ್ತದೆ ಎಂದುಕೊಂಡರೆ ನಿಮ್ಮ ಪ್ರತಿ ಸಾಲಿನಲ್ಲಿ ಎಲ್ಲಿ ನಿಂತಿತ್ತು ಎಂದು ಅಂದಾಜು ಸಿಗುತ್ತದೆ. ಇದೇ ಆಲ್ಬಮ್ 1980ರ ದಶಕದ ನಡುವೆ ಇಎಂಐನ ಅಗ್ಗದ ಲೇಬಲ್ ಫೇಮ್‌ನಲ್ಲೂ ಬಂತು. ಮುಂಬದಿಯ ಚಿತ್ರ ಅದೇ ಆದ್ದರಿಂದ ಸಣ್ಣ ಫೋಟೋದಲ್ಲಿ ಗೊತ್ತಾಗುವುದೇ ಇಲ್ಲ. ಕೇಳಲು ತೊಂದರೆಯಿಲ್ಲ, ಇಎಂಸಿ ಪ್ರತಿಯ ಬೆಲೆ ಮಾತ್ರ ಕೊಡಬೇಡಿ.

ಅಮೆರಿಕದ ಪ್ರತಿಗಳಲ್ಲಿ ನೋಡಬೇಕಾದ್ದು ಕಟ್ ಮಾಡಿದ ಸ್ಟುಡಿಯೋದ ಮುದ್ರೆ. ಮೆಟಾಲಿಕಾದ 1986ರ ಮಾಸ್ಟರ್ ಆಫ್ ಪಪೆಟ್ಸ್‌ನ ಎಲೆಕ್ಟ್ರಾ ಪ್ರತಿಯಲ್ಲಿ ‘ಸ್ಟರ್ಲಿಂಗ್’ ಎಂಬ ಮುದ್ರೆ ಇರಬೇಕು. ಅಲ್ಲಿ ಮಾಸ್ಟರ್ ಮಾಡಿದವರು, ಎಂದರೆ ಕಟ್‌ಗೆ ಸದ್ದನ್ನು ಹದಗೊಳಿಸಿದವರು, ಜಾರ್ಜ್ ಮರಿನೋ. ಲೇಬಲ್ ಮೇಲಿನ ಸಂಖ್ಯೆಯ ಕೊನೆಗೆ ‘ಎಸ್‌ಪಿ’ ಇದ್ದರೆ ಸ್ಪೆಷಾಲ್ಟಿ ಕಾರ್ಖಾನೆ, ‘ಎಆರ್’ ಇದ್ದರೆ ಅಲೈಡ್. ‘ಡಬ್ಲ್ಯು1’ ಎಂದು ಶುರುವಾಗುವ ಸಂಖ್ಯೆ ಕಂಡರೆ ಕೊಲಂಬಿಯಾ ಹೌಸ್ ಕ್ಲಬ್ ಸದಸ್ಯರಿಗೆ ಅಂಚೆಯಲ್ಲಿ ಕಳಿಸಿದ ಪ್ರತಿ. ಕವರಿನ ಮೂಲೆ ಕತ್ತರಿಸಿದ್ದರೆ, ಅಂಚಿನಲ್ಲಿ ಗರಗಸದ ಗೀರಿದ್ದರೆ ಗಾಬರಿ ಬೇಡ. ಮಾರಾಟವಾಗದೆ ಉಳಿದದ್ದನ್ನು ಅಗ್ಗಕ್ಕೆ ಸಾಗಹಾಕುವಾಗ ಹಾಗೆ ಗುರುತು ಮಾಡುತ್ತಿದ್ದರು. ಅಂಥವು ಎಷ್ಟೋ ಸಲ ಕಡಿಮೆ ನುಡಿಸಲ್ಪಟ್ಟಿರುತ್ತವೆ.

ಬ್ಲ್ಯಾಕ್ ಸಬ್ಬತ್ ವಿಷಯದಲ್ಲಿ ಲೇಬಲ್ಲೇ ಅರ್ಧ ಕಥೆ ಹೇಳುತ್ತದೆ. 1970ರ ಫೆಬ್ರವರಿ 13ರಂದು ಬಂದ ಮೊದಲ ಆಲ್ಬಮ್‌ನಿಂದ 1972ರ ನಾಲ್ಕನೆಯದರವರೆಗೆ ಬ್ರಿಟನ್ನಿನ ಮೊದಲ ಪ್ರತಿಗಳು ವರ್ಟಿಗೋದ ಕಪ್ಪು-ಬಿಳುಪು ಸುರುಳಿ ಲೇಬಲ್ಲಿನವು. ಒಂದು ಬದಿಯ ಲೇಬಲ್ ತುಂಬ ಬರೀ ಸುರುಳಿ, ಹಾಡುಗಳ ವಿವರ ಇನ್ನೊಂದು ಬದಿಯಲ್ಲಿ. ಆಮೇಲೆ ಬಂದ ವರ್ಟಿಗೋ ಲೇಬಲ್ಲಿನಲ್ಲಿ ಆಕಾಶನೌಕೆಯ ಚಿತ್ರ. ಅದೇ ಆಲ್ಬಮ್, ಅದೇ ಕಂಪನಿ, ಬೆಲೆಯಲ್ಲಿ ಮಾತ್ರ ಅಜಗಜಾಂತರ. 1971ರ ಮಾಸ್ಟರ್ ಆಫ್ ರಿಯಾಲಿಟಿಯ ಮೊದಲ ಕವರಿನಲ್ಲಿ ಅಕ್ಷರಗಳು ಉಬ್ಬಿರುತ್ತವೆ, ಒಳಗೆ ಒಂದು ಪೋಸ್ಟರ್ ಇರಬೇಕು. ಅದು ಕಾಣೆಯಾದ ಪ್ರತಿಗಳೇ ಹೆಚ್ಚು. ಪೋಸ್ಟರ್ ಇದೆ ಎಂದರೆ ಅದರದ್ದೂ ಫೋಟೋ ಕೇಳಿ, ಅದನ್ನೂ ನಕಲು ಮುದ್ರಿಸುವವರಿದ್ದಾರೆ.

ಇನ್ನು ಮೆಟಲ್‌ಗೇ ವಿಶೇಷವಾದ ತೊಡಕು, ಹಾಡುಗಳ ಉದ್ದ. 33⅓ ವೇಗದಲ್ಲಿ ಒಂದು ಬದಿಗೆ 18ರಿಂದ 22 ನಿಮಿಷ ಆರಾಮ. ಅದಕ್ಕಿಂತ ಹೆಚ್ಚಾದರೆ ಗ್ರೂವ್‌ಗಳನ್ನು, ಎಂದರೆ ಸೂಜಿ ಓಡುವ ಗೀರುಗಳನ್ನು, ಒತ್ತೊತ್ತಾಗಿ ಹಾಕಬೇಕು. ಅಗಲವಾಗಿ ಅಲುಗುವ ಬೇಸ್‌ಗೆ ಜಾಗ ಸಾಲದೆ ಎಂಜಿನಿಯರ್ ಸದ್ದನ್ನೂ ಬೇಸನ್ನೂ ಇಳಿಸುತ್ತಾನೆ. ಸಾಲದ್ದಕ್ಕೆ, ಸೂಜಿ ಒಳಕ್ಕೆ ಹೋದಂತೆ ಅದರ ಕೆಳಗೆ ಹರಿಯುವ ಗ್ರೂವ್‌ನ ಉದ್ದವೂ ಕುಗ್ಗುತ್ತದೆ: ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ., ಲೇಬಲ್ ಹತ್ತಿರ ಸುಮಾರು 21. ಸಿಂಬಲ್‌ನ ಝಣಝಣ ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸದೆ ಕೊನೆಯ ಹಾಡು ಗರಗರ ಎನ್ನುತ್ತದೆ. ಮಾಸ್ಟರ್ ಆಫ್ ಪಪೆಟ್ಸ್ ಸುಮಾರು 55 ನಿಮಿಷ. ಒಂದೇ ತಟ್ಟೆಯಲ್ಲಿ ಬದಿಗೆ 27ರ ಮೇಲೆ. ಮೂಲ ಎಲೆಕ್ಟ್ರಾ ಪ್ರತಿ ಚೆನ್ನಾಗಿಯೇ ಕಟ್ ಆಗಿದ್ದರೂ ವಾಲ್ಯೂಮ್ ತಿರುಗಿಸಬೇಕಾಗುತ್ತದೆ. ಬ್ರಿಟನ್ನಿನ ಮ್ಯೂಸಿಕ್ ಫಾರ್ ನೇಷನ್ಸ್ ಲೇಬಲ್ 1987ರಲ್ಲಿ ಇದನ್ನೇ ಎರಡು ತಟ್ಟೆಗೆ ಹರಡಿ 45ರ ವೇಗದಲ್ಲಿ ತಂದಿತು. ಕೇಳುವುದಕ್ಕಾದರೆ ನನ್ನ ಆಯ್ಕೆ ಅದು, ಮೊದಲ ಪ್ರೆಸ್ಸಿಂಗ್ ಅಲ್ಲದಿದ್ದರೂ. ಸ್ಲೇಯರ್‌ನ ರೇನ್ ಇನ್ ಬ್ಲಡ್ ಇದಕ್ಕೆ ತದ್ವಿರುದ್ಧ: ಇಡೀ ಆಲ್ಬಮ್ 29 ನಿಮಿಷ. (ಕ್ಯಾಸೆಟ್‌ನಲ್ಲಿ ಎರಡೂ ಬದಿಗೆ ಪೂರ್ತಿ ಆಲ್ಬಮ್ಮನ್ನೇ ತುಂಬಿದ್ದರು!) ಬದಿಗೆ ಹದಿನೈದು ನಿಮಿಷಕ್ಕೂ ಕಡಿಮೆ ಇರುವುದರಿಂದ ಮೂಲ ಎಲ್‌ಪಿ ಎದೆಗೆ ಗುದ್ದುವಂತೆ ಕೇಳುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಒಂದು ಬದಿಗೆ ಎಷ್ಟು ನಿಮಿಷ ಎಂದು ಕೂಡಿಸಿ ನೋಡಿ. 25 ದಾಟಿದರೆ ಎರಡು ತಟ್ಟೆಯ ಆವೃತ್ತಿ ಇದೆಯೇ ಹುಡುಕಿ.

1980ರ ದಶಕದ ಯುರೋಪಿನ ಎಷ್ಟೋ ಕವರ್‌ಗಳ ಮೇಲೆ ‘ಡಿಎಂಎಂ’ (ಡೈರೆಕ್ಟ್ ಮೆಟಲ್ ಮಾಸ್ಟರಿಂಗ್) ಚಿಹ್ನೆ ಕಾಣುತ್ತದೆ. ಮೆದು ಲ್ಯಾಕರ್ ಲೇಪದ ತಟ್ಟೆಯ ಬದಲು ನೇರ ತಾಮ್ರದ ಮೇಲೆ ಕಟ್ ಮಾಡಿದ್ದು. ಗದ್ದಲ ಕಡಿಮೆ, ಮೇಲಿನ ಸ್ವರಗಳು ಚುರುಕು. ಮೊದಲೇ ತೆಳುವಾಗಿ ರೆಕಾರ್ಡ್ ಆದ ಥ್ರ್ಯಾಶ್ (ಬಿರುಸು ವೇಗದ ಮೆಟಲ್) ಆಲ್ಬಮ್‌ಗಳಲ್ಲಿ ಆ ಚುರುಕು ಕಿವಿಗೆ ಚುಚ್ಚಲೂಬಹುದು.

ಈಗ ಸವೆತ. ಗೀರು ಕಣ್ಣಿಗೆ ಕಾಣುತ್ತದೆ, ಸವೆತ ಕಾಣುವುದಿಲ್ಲ. ಈ ತಟ್ಟೆಗಳನ್ನು ಮೊದಲು ಕೊಂಡ ಹುಡುಗರಲ್ಲಿ ಬಹುಪಾಲು ಮಂದಿ ಐದಾರು ಗ್ರಾಂ ಭಾರದ ಸೂಜಿಯ ಅಗ್ಗದ ಪ್ಲೇಯರ್‌ನಲ್ಲಿ ಜೋರಾಗಿ ನುಡಿಸಿದವರೇ. ಹೊಳೆಹೊಳೆಯುವ ತಟ್ಟೆ ನುಡಿಸಿದಾಗ ಮರಳು ಉಜ್ಜಿದಂತೆ ಕೇಳಿದರೆ ಗ್ರೂವ್‌ನ ಗೋಡೆ ಕಿತ್ತುಹೋಗಿದೆ ಎಂದೇ ಅರ್ಥ. ಎಷ್ಟು ತೊಳೆದರೂ ಹೋಗದು. ಪರೀಕ್ಷಿಸಲು ಎರಡು ಜಾಗ: ಪ್ರತಿ ಬದಿಯ ಕೊನೆಯ ಹಾಡಿನ ಜೋರು ಭಾಗ, ಆಮೇಲೆ ಮೆಲ್ಲಗೆ ಶುರುವಾಗುವ ಹಾಡುಗಳು. ಗಿಟಾರಿನ ಅಬ್ಬರದಲ್ಲಿ ಚಟಪಟ ಮುಚ್ಚಿಹೋಗುತ್ತದೆ, ಮೆಲುದನಿಯಲ್ಲಿ ಬಯಲಾಗುತ್ತದೆ. ಮಾಸ್ಟರ್ ಆಫ್ ಪಪೆಟ್ಸ್‌ನ ಮೊದಲ ಹಾಡು ಅಕೌಸ್ಟಿಕ್ ಗಿಟಾರಿನಿಂದ ಶುರುವಾಗುತ್ತದೆ, ಒಳ್ಳೆಯ ಪರೀಕ್ಷೆ. ಸಬ್ಬತ್‌ನ ಮೊದಲ ಆಲ್ಬಮ್ ಮಾತ್ರ ಕೈಕೊಡುತ್ತದೆ: ಶುರುವಿನಲ್ಲೇ ಮಳೆ, ಗುಡುಗು, ಗಂಟೆ, ಮಳೆಯ ಸದ್ದು ಯಾವುದು, ಧೂಳಿನ ಸದ್ದು ಯಾವುದು ಎಂದು ತಿಳಿಯುವುದು ಕಷ್ಟ.

ಮಾರುವವರು ಬಳಸುವ, ಗೋಲ್ಡ್‌ಮೈನ್ ಪತ್ರಿಕೆಯ ದರ್ಜೆಗಳಲ್ಲಿ ‘ಎನ್‌ಎಂ’ ಹೆಚ್ಚುಕಡಿಮೆ ಹೊಸದು, ‘ವಿಜಿ+’ನಲ್ಲಿ ಸಣ್ಣ ಗೆರೆಗಳಿದ್ದರೂ ಕೇಳಲು ಅಡ್ಡಿಯಿಲ್ಲ, ಬರೀ ‘ವಿಜಿ’ಯಲ್ಲಿ ಚಟಪಟ ಖಂಡಿತ. ‘ಜಿ’ ಎಂದಿದ್ದರೆ ಬಿಟ್ಟುಬಿಡಿ. ಕಣ್ಣಿನಿಂದ ಕೊಟ್ಟ ದರ್ಜೆಯೋ ನುಡಿಸಿ ಕೊಟ್ಟದ್ದೋ ಎಂದು ಕೇಳಲು ಮರೆಯಬೇಡಿ. ಸೀಲ್ ಒಡೆಯದ ಪ್ರತಿ ಎಂದ ಮಾತ್ರಕ್ಕೆ ನಂಬಬೇಕಿಲ್ಲ. ಪ್ಲಾಸ್ಟಿಕ್ ಸುತ್ತುವ ಯಂತ್ರ ಯಾರ ಬಳಿಯೂ ಇರಬಹುದು. ಅಸಲಿ ಸೀಲ್ ಕೂಡ ವರ್ಷಗಟ್ಟಲೆ ಬಿಗಿದು ಕವರನ್ನೂ ತಟ್ಟೆಯನ್ನೂ ಬಗ್ಗಿಸಿರಬಹುದು.

ನಕಲಿಗಳು ಎಲ್ಲಿ ದುಡ್ಡಿದೆಯೋ ಅಲ್ಲಿ. ಸ್ವೀಡನ್ನಿನ ಬಾಥರಿಯ 1984ರ ಮೊದಲ ಆಲ್ಬಮ್‌ನ ಮೊದಲ ಸಾವಿರ ಪ್ರತಿಗಳಲ್ಲಿ ಮೇಕೆಯ ಚಿತ್ರ ಹಳದಿ, ಆಮೇಲಿನವು ಕಪ್ಪು-ಬಿಳುಪು. ಹಳದಿ ಮೇಕೆಯ ನಕಲುಗಳು ಅಸಲಿಗಿಂತ ಸುಲಭವಾಗಿ ಸಿಗುತ್ತವೆ. ಫ್ರಾನ್ಸಿನಲ್ಲಿ ಮೆಟಾಲಿಕಾದ ರೈಡ್ ದ ಲೈಟ್ನಿಂಗ್‌ನ ಸುಮಾರು 400 ಕವರ್‌ಗಳು ನೀಲಿಯ ಬದಲು ತಪ್ಪಾಗಿ ಹಸಿರಿನಲ್ಲಿ ಅಚ್ಚಾದವು; ಅದಕ್ಕೂ ಇದೇ ಗತಿ. ಪತ್ತೆಗೆ ಭೂತಗನ್ನಡಿ ಸಾಕು. ಅಸಲಿ ಮುದ್ರಣದಲ್ಲಿ ಸಣ್ಣ ಅಕ್ಷರಗಳ ಅಂಚು ಗಟ್ಟಿಯಾಗಿರುತ್ತದೆ. ಕವರನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರಲ್ಲಿ ಅಕ್ಷರಗಳೂ ಚುಕ್ಕೆಗಳಾಗಿ ಒಡೆದಿರುತ್ತವೆ, ಫೋಟೋಗಳಲ್ಲಿ ಅಲೆಅಲೆಯ ನೆರಳು ಕಾಣುತ್ತದೆ. ಅಸಲಿಯಲ್ಲಿ ಅಚ್ಚೊತ್ತಿದ ಮ್ಯಾಟ್ರಿಕ್ಸ್ ನಿಮ್ಮ ಪ್ರತಿಯಲ್ಲಿ ಕೈಬರಹದಲ್ಲಿದ್ದರೆ ಅನುಮಾನಿಸಿ. 1970ರ ದಶಕದ ನಡುವಿನ ಆಲ್ಬಮ್‌ನ ಕವರ್ ಮೇಲೆ ಬಾರ್‌ಕೋಡ್ ಅಚ್ಚಾಗಿದ್ದರೆ ಅದು ಮೊದಲ ಪ್ರತಿ ಅಲ್ಲವೇ ಅಲ್ಲ. ಆ ಆಲ್ಬಮ್ ಯಾವತ್ತೂ ಬಾರದ ಬಣ್ಣದ ವಿನೈಲ್ ಕಂಡರೂ ಅಷ್ಟೇ.

ಮರುಮುದ್ರಣದಲ್ಲಿ ‘180 ಗ್ರಾಂ’ ಎಂಬ ಸ್ಟಿಕ್ಕರಿಗೆ ಮರುಳಾಗಬೇಡಿ. ಗ್ರೂವ್‌ನ ಆಳ ಮೈಕ್ರಾನ್ ಲೆಕ್ಕದ್ದು. ಕೆಳಗೆ ಎಷ್ಟು ಪ್ಲಾಸ್ಟಿಕ್ ಇದೆ ಎಂಬುದರಿಂದ ಸದ್ದು ಬದಲಾಗದು. ಯಾವ ಟೇಪಿನಿಂದ, ಯಾರು ಕಟ್ ಮಾಡಿದ್ದು ಎಂದು ಬರೆದಿದ್ದಾರೆಯೇ ನೋಡಿ. ಅದನ್ನು ಹೇಳದೆ ಬಣ್ಣದ ಬಗ್ಗೆಯೇ ಹೇಳುವ ಮರುಮುದ್ರಣ ಬಹುಮಟ್ಟಿಗೆ ಸಿಡಿಗೆ ಮಾಡಿದ ಜೋರು ಮಾಸ್ಟರ್‌ನಿಂದ ಬಂದಿರುತ್ತದೆ. ಪಿಕ್ಚರ್ ಡಿಸ್ಕ್ ನೋಡಲು ಚೆಂದ, ಆದರೆ ಚಿತ್ರದ ಮೇಲಿನ ತೆಳು ಹಾಳೆಯಲ್ಲಿ ಗ್ರೂವ್ ಇರುವುದರಿಂದ ಸುಯ್ ಎನ್ನುವ ಸದ್ದು ತಪ್ಪದು. ಐರನ್ ಮೇಡನ್‌ನ ಎಂಬತ್ತರ ದಶಕದ ಆಲ್ಬಮ್‌ಗಳು 2014ರಲ್ಲಿ ಕಪ್ಪು ವಿನೈಲ್‌ನಲ್ಲಿ ಮತ್ತೆ ಬಂದವು. ಹೊಸಬರು ಅಲ್ಲಿಂದ ಶುರುಮಾಡಿ, ತೀರಾ ಇಷ್ಟವಾದದ್ದರ ಮೂಲ ಪ್ರತಿಯನ್ನು ನಿಧಾನವಾಗಿ ಹುಡುಕಬಹುದು. ಮರುಮುದ್ರಣ ಇಲ್ಲದೆ ನಿಜಕ್ಕೂ ಕಷ್ಟವಾಗುವುದು 1990ರ ದಶಕದ ಮೊದಲರ್ಧದ ಆಲ್ಬಮ್‌ಗಳಿಗೆ. ಸಿಡಿಯ ಭರಾಟೆಯಲ್ಲಿ ಅವುಗಳ ಎಲ್‌ಪಿ ಒತ್ತಿದ್ದೇ ಕಡಿಮೆ.

ಹೊಸ ತಟ್ಟೆಯಲ್ಲೂ ದೋಷ ಸಾಮಾನ್ಯ. ಜಿಪ್ ಎಳೆದಂತೆ ಒಂದೇ ಕಿವಿಯಲ್ಲಿ ಸರ್‌ಸರ್ ಎಂದರೆ ಒತ್ತುವಾಗ ವಿನೈಲ್ ಗ್ರೂವ್‌ಗೆ ಪೂರ್ತಿ ತುಂಬಿಲ್ಲ. ಉದ್ದ ಸ್ವರಗಳು ತೂಗಾಡಿದರೆ ನಡುವಿನ ರಂಧ್ರ ಆಚೀಚೆ ಆಗಿದೆ. ಎರಡಕ್ಕೂ ಮದ್ದಿಲ್ಲ, ಹಿಂದಿರುಗಿಸಿ.

ತೊಳೆಯುವುದಕ್ಕೆ 800 ಮಿ.ಲೀ. ಡಿಸ್ಟಿಲ್ಡ್ ನೀರು, 200 ಮಿ.ಲೀ. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್, ಫೋಟೋ ಫಿಲ್ಮ್ ತೊಳೆಯಲು ಬಳಸುವ ವೆಟ್ಟಿಂಗ್ ಏಜೆಂಟ್ ನಾಲ್ಕೈದು ಹನಿ. ಮೃದು ಬ್ರಷ್‌ನಿಂದ ಗ್ರೂವ್‌ನ ದಿಕ್ಕಿನಲ್ಲೇ ಸುತ್ತಿ, ಲೇಬಲ್ ನೆನೆಯದಂತೆ ನೋಡಿಕೊಳ್ಳಿ, ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ನಲ್ಲಿ ನೀರಿನ ಲವಣ ಒಣಗಿ ಗ್ರೂವ್‌ನಲ್ಲೇ ಕೂರುತ್ತದೆ, ಪಾತ್ರೆ ಸೋಪಿನ ಸುಗಂಧ ಜಿಡ್ಡಾಗುತ್ತದೆ. 78ರ ವೇಗದ ಹಳೆಯ ಶೆಲಾಕ್ ತಟ್ಟೆಗೆ ಇದನ್ನು ಬಳಸಲೇಬೇಡಿ, ಆಲ್ಕೋಹಾಲ್‌ಗೆ ಅದು ಕರಗುತ್ತದೆ.

ಸೂಜಿಯ ಭಾರ ಕಂಪನಿ ಹೇಳಿದ ಮಿತಿಯೊಳಗೇ ಇರಲಿ, ಹೆಚ್ಚಿನವಕ್ಕೆ 1.5ರಿಂದ 2 ಗ್ರಾಂ. ಕಡಿಮೆ ಇಟ್ಟರೆ ತಟ್ಟೆ ಉಳಿಯುತ್ತದೆ ಎಂಬುದು ತಪ್ಪು: ಜೋರು ಭಾಗದಲ್ಲಿ ಹಿಡಿತ ತಪ್ಪಿದ ಸೂಜಿ ಗೋಡೆಗೆ ಬಡಿದು ಹೆಚ್ಚು ಕೆಡಿಸುತ್ತದೆ. ಕೊನೆಯ ಹಾಡಿನ ಗರಗರಕ್ಕೆ ಗೋಳತುದಿಯ ಸೂಜಿ ಬಿಟ್ಟು ಸಪೂರ ತುದಿಯ ಎಲಿಪ್ಟಿಕಲ್ ಅಥವಾ ಮೈಕ್ರೋಲೈನ್ ಹಾಕಿ, ಕೋನ ಅಳೆಯುವ ಪ್ರೊಟ್ರಾಕ್ಟರ್ ಇಟ್ಟು, ಸೂಜಿ ಹಿಡಿದಿರುವ ಕಾರ್ಟ್ರಿಜ್ ನೇರ ಮಾಡಿ. ಮುಕ್ಕಾಲು ದೂರು ಅಲ್ಲೇ ಮುಗಿಯುತ್ತದೆ.

ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ನೂರು ಎಲ್‌ಪಿ ಎಂದರೆ ಇಪ್ಪತ್ತೈದರಿಂದ ಮೂವತ್ತು ಕಿಲೋ, ಕಪಾಟು ತಡೆಯಬೇಕು. ಹೊರ ಚೀಲ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್‌ನದಿರಲಿ. ಮೆತ್ತನೆಯ ದಪ್ಪ ಪಿವಿಸಿ ಚೀಲ ವರ್ಷಗಳಲ್ಲಿ ತಟ್ಟೆಯ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಅದು ಸದ್ದಾಗಿ ಕೇಳುತ್ತದೆ.

ಅಂಚೆಯಲ್ಲಿ ತರಿಸುವಾಗ ತಟ್ಟೆಯನ್ನು ಕವರಿನಿಂದ ಹೊರತೆಗೆದು, ಒಳ ಚೀಲದ ಸಮೇತ ಕವರಿನ ಹಿಂದಿಟ್ಟು, ಎರಡೂ ಕಡೆ ಗಟ್ಟಿ ರಟ್ಟು ಹಾಕಲು ಹೇಳಿ. ಒಳಗೇ ಬಿಟ್ಟರೆ ಪೆಟ್ಟಿಗೆ ಬಿದ್ದಾಗ ತಟ್ಟೆಯ ಅಂಚು ಕವರಿನ ಹೊಲಿಗೆ ಸೀಳಿಕೊಂಡು ಹೊರಬರುತ್ತದೆ. ಬಂದ ಮೇಲೆ ರನ್‌ಔಟ್ ಅನ್ನು ಫೋಟೋದ ಜೊತೆ ತಾಳೆ ನೋಡಿ, ವಾಪಸಾತಿ ಅವಧಿ ಮುಗಿಯುವುದರೊಳಗೆ ಎರಡೂ ಬದಿ ಪೂರ್ತಿ ನುಡಿಸಿ ಕೇಳಿ.