ಬೇಸ್ ಇಲ್ಲ ಅಂತ ಇಯರ್‌ಫೋನ್ ವಾಪಸ್ ಮಾಡುವ ಮೊದಲು ರಬ್ಬರ್ ಬದಲಿಸಿ ನೋಡಿ

ನೀವು ಕೇಳಿದ್ದು ಇಷ್ಟು. 2,500 ರೂಪಾಯಿ ಕೊಟ್ಟು ಇನ್-ಇಯರ್, ಅಂದರೆ ಕಿವಿಯ ನಾಳದೊಳಗೆ ಕೂರುವ ಇಯರ್‌ಫೋನ್ ತಗೊಂಡಿದ್ದೀರಿ. ವಿಮರ್ಶೆ ಬರೆದವರೆಲ್ಲ ‘ಬೇಸ್ (ತಗ್ಗಿನ ದಪ್ಪ ಸದ್ದು) ಭರ್ಜರಿ’ ಅಂದಿದ್ದಾರೆ. ನಿಮಗೆ ಮಾತ್ರ ತಗಡಿನ ಡಬ್ಬದೊಳಗೆ ಹಾಡು ಹಾಕಿದ ಹಾಗೆ ಕೇಳುತ್ತಿದೆ. ಮುಂಬಯಿ ಲೋಕಲ್ ರೈಲಿಗೆ ಠಾಣೆಯಲ್ಲಿ ಹತ್ತಿ ಘಾಟ್ಕೋಪರ್ ಬರುವಷ್ಟರಲ್ಲಿ ಬಲಗಿವಿಯದ್ದು ಜಾರಿರುತ್ತದೆ. ವಾಪಸ್ ಮಾಡಲೇ? ಬೇರೆ ತಗೊಂಡರೆ ಎರಡನ್ನೂ ಹೋಲಿಸಿ ನೋಡುವುದು ಹೇಗೆ? ಬ್ಲೂಟೂತೋ ವೈರೋ?

ಡಬ್ಬದ ಸದ್ದಿಗೂ ಬಲಗಿವಿ ಜಾರುವುದಕ್ಕೂ ಕಾರಣ ಒಂದೇ ಇರಬೇಕು. ನಾನೂ ಈ ಹೊಂಡಕ್ಕೆ ಬಿದ್ದು ಎದ್ದವನೇ. ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ ದಿನಾ ಫಾಸ್ಟ್ ಲೋಕಲ್‌ನಲ್ಲಿ ಹೋಗಿಬರುತ್ತೇನೆ. ಒಂದು ಬದಿಗೆ ಗಂಟೆಗಿಂತ ಜಾಸ್ತಿ, ಅದೂ ನಿಂತುಕೊಂಡು. ಕೆಲವು ವರ್ಷಗಳ ಹಿಂದೆ ಒಂದು ಇಯರ್‌ಫೋನ್ ತರಿಸಿದ್ದೆ. ಎಲ್ಲರೂ ಹೊಗಳಿದ್ದು. ನನಗೆ ಬೇಸೇ ಇಲ್ಲ. ಎರಡು ವಾರ ಬೈದುಕೊಂಡು ಆಫೀಸಿನ ಗೆಳೆಯನಿಗೆ ಅರ್ಧ ಬೆಲೆಗೆ ಕೊಟ್ಟುಬಿಟ್ಟೆ. ಅವನು ಮರುದಿನ ಬಂದು ‘ಏನ್ ಮಾರಾಯ, ಇಷ್ಟು ಒಳ್ಳೇದನ್ನ ಯಾಕೆ ಕೊಟ್ಟೆ?’ ಅಂದ. ಅವನು ಇಯರ್‌ಫೋನಿನ ತುದಿಗೆ ಬೇರೆ ಸೈಜಿನ ರಬ್ಬರ್ (ಟಿಪ್) ಹಾಕಿದ್ದ, ಅಷ್ಟೇ. ನಾನು ಡಬ್ಬಿಯಲ್ಲಿದ್ದ ಉಳಿದ ಎರಡು ಜೊತೆ ರಬ್ಬರನ್ನು ಮುಟ್ಟಿಯೂ ನೋಡಿರಲಿಲ್ಲ.

ವಿಷಯ ಏನೆಂದರೆ, ಇನ್-ಇಯರ್‌ನಲ್ಲಿರುವ ಸ್ಪೀಕರ್ ತೀರಾ ಸಣ್ಣದು. ಅದು ಬೇಸ್ ಕೊಡುವುದು ನಿಮ್ಮ ಕಿವಿಯೊಳಗೆ ಸಿಕ್ಕಿಬಿದ್ದ ಚೂರು ಗಾಳಿಯನ್ನು ಒತ್ತಿ ಎಳೆದು. ಆ ಗಾಳಿಗೆ ಹೊರಗೆ ಹೋಗಲು ಒಂದು ಕೂದಲೆಳೆಯಷ್ಟು ಸಂದು ಸಿಕ್ಕರೂ ಒತ್ತಡ ನಿಲ್ಲುವುದಿಲ್ಲ. ಪಂಕ್ಚರ್ ಆದ ಟ್ಯೂಬಿಗೆ ಪಂಪು ಹೊಡೆದ ಹಾಗೆ. ಬೇಸ್ ಸೋರಿಹೋಗುತ್ತದೆ, ಮೇಲಿನ ಸ್ವರಗಳು ಹಾಗೇ ಉಳಿಯುತ್ತವೆ. ಅದೇ ನಿಮ್ಮ ತಗಡಿನ ಡಬ್ಬ. ಹಾಗಾಗಿ ಬಲಗಿವಿ ಸರಿಯಾಗಿ ಮುಚ್ಚದೆ ಯಾವ ಮಾಡೆಲ್ ಒಳ್ಳೆಯದು, ಯಾವುದು ಕೆಟ್ಟದ್ದು ಅನ್ನುವ ಮಾತಿಗೇ ಅರ್ಥ ಇಲ್ಲ.

ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ತಿಳಿಯಲು ಹಾಡೂ ಬೇಡ. ಎರಡೂ ಕಿವಿಗೆ ಹಾಕಿಕೊಂಡು ಜೋರಾಗಿ ‘ಮ್‌ಮ್‌’ ಅನ್ನಿ. ನಿಮ್ಮ ದನಿ ಖಾಲಿ ಕೊಡಪಾನದೊಳಗೆ ಮಾತಾಡಿದ ಹಾಗೆ ಗುಂಯ್ ಅನ್ನಬೇಕು. ಒಂದು ಕಡೆ ಗುಂಯ್ ಅಂದು ಇನ್ನೊಂದು ಕಡೆ ಸಾದಾ ಕೇಳಿದರೆ ಆ ಸಾದಾ ಕಡೆ ಸೋರುತ್ತಿದೆ. ಆಮೇಲೆ ಬಾಯಿ ಅಗಲ ತೆರೆದು ಮುಚ್ಚಿ, ಏನಾದರೂ ಅಗಿಯಿರಿ. ದವಡೆ ಆಡಿದಾಗ ಕಿವಿಯ ನಾಳದ ಆಕಾರವೂ ಬದಲಾಗುತ್ತದೆ. ಮನೆಯಲ್ಲಿ ಚೆನ್ನಾಗಿ ಕೂತದ್ದು ಸ್ಟೇಷನ್ನಿನಲ್ಲಿ ವಡಾಪಾವ್ ತಿನ್ನುವಾಗ ಬಿಟ್ಟುಕೊಳ್ಳುವುದು ಇದಕ್ಕೇ.

ಹಾಕುವ ರೀತಿಯೂ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆ ಮೇಲಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ನಾಳ ನೇರವಾಗುತ್ತದೆ. ಆಗ ಮೆಲ್ಲಗೆ ಒತ್ತಿ, ಕಿವಿ ಬಿಡಿ. ರೈಲಿನಲ್ಲಿ ಹೀಗೆ ಮಾಡಿದರೆ ಪಕ್ಕದವರು ನೋಡುತ್ತಾರೆ, ನೋಡಲಿ ಬಿಡಿ.

ಜಾರುತ್ತದೆ ಅಂದರೆ ದೊಡ್ಡ ರಬ್ಬರ್ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಉಲ್ಟಾ. ದೊಡ್ಡದು ಒಳಗೆ ಹೋಗದೆ ಬಾಗಿಲಲ್ಲೇ ನಿಂತಿರುತ್ತದೆ, ಕಿವಿ ಅದನ್ನು ಹೊರಕ್ಕೆ ತಳ್ಳುತ್ತಾ ಇರುತ್ತದೆ. ಸಣ್ಣದು ಎರಡು ಮಿಲಿಮೀಟರ್ ಒಳಗೆ ಹೋಗಿ ಗಟ್ಟಿ ಕೂರುತ್ತದೆ. ಇನ್ನೊಂದು, ಎರಡು ಕಿವಿ ಒಂದೇ ಅಳತೆ ಇರಬೇಕೆಂದೇನೂ ಇಲ್ಲ. ನನಗೆ ಎಡಕ್ಕೆ ಮೀಡಿಯಂ, ಬಲಕ್ಕೆ ಸ್ಮಾಲ್. ಚಪ್ಪಲಿ ಅಂಗಡಿಯಲ್ಲಿ ಹೀಗೆ ಕೇಳಿದರೆ ಓಡಿಸುತ್ತಾರೆ, ಇಲ್ಲಿ ಆ ಭಯ ಇಲ್ಲ.

ಈ ಸಿಲಿಕೋನ್ ರಬ್ಬರ್ ಯಾವ ಸೈಜಿನದ್ದೂ ಆಗದಿದ್ದರೆ ಸ್ಪಂಜಿನಂಥ ಫೋಮ್ ಟಿಪ್ ಇದೆ. ಬೆರಳಲ್ಲಿ ಉರುಟಿ ತೆಳ್ಳಗೆ ಮಾಡಿ, ಕಿವಿಗೆ ಹಾಕಿ, ಅರ್ಧ ನಿಮಿಷ ಒತ್ತಿ ಹಿಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೊರಗಿನ ಗಲಾಟೆ ಬಹಳ ಕಡಿಮೆಯಾಗುತ್ತದೆ. ಆದರೆ ಮೇಲಿನ ಸ್ವರಗಳ ಹೊಳಪನ್ನು ಸ್ವಲ್ಪ ತಿಂದುಹಾಕುತ್ತದೆ, ಕೆಲವು ತಿಂಗಳಿಗೆ ಸವೆಯುತ್ತದೆ. ಮುಂಬಯಿಯ ಜುಲೈ ತಿಂಗಳಲ್ಲಂತೂ ಒದ್ದೆ ಕಿವಿಗೆ ಫೋಮ್ ತುರುಕಲೇಬೇಡಿ. ನನಗೆ ಒಮ್ಮೆ ಕಿವಿಯಲ್ಲಿ ಫಂಗಸ್ ಆಗಿ ಹದಿನೈದು ದಿನ ತುರಿಕೆ. ಸ್ನಾನ ಮಾಡಿ ಕಿವಿ ಒಣಗಿದ ಮೇಲೆ ಹಾಕಿ ಅಂತ ಡಾಕ್ಟರು ಬೈದು ಕಳಿಸಿದರು.

ಇನ್-ಇಯರ್ ಚರಿತ್ರೆಯಲ್ಲಿ ಒಂದು ಸ್ವಾರಸ್ಯ ಇದೆ. 1991ರಲ್ಲಿ ಬಂದ ಇಟಿಮೋಟಿಕ್ ಕಂಪನಿಯ ಇಆರ್-4 ಈ ಜಾತಿಯ ಮೊದಲಿಗರಲ್ಲಿ ಒಂದು. ಅದನ್ನು ಮಾಡಿದವರು ಶ್ರವಣ ಸಾಧನಗಳ ಕ್ಷೇತ್ರದಿಂದ ಬಂದವರು. ಕಿವಿಯ ನಾಳ ಮುಚ್ಚುವುದರಿಂದಲೇ ಅವರ ಕೆಲಸ ಶುರು. ಕಿವಿಯೊಳಗೆ ತುಂಬಾ ಆಳಕ್ಕೆ ಹೋಗುವ ಮೂರು ಸುತ್ತಿನ ರಬ್ಬರ್ ಅದರದ್ದು. ಕೆಲವರಿಗೆ ಅಷ್ಟು ಆಳ ಹಿಂಸೆ. ನನಗೂ.

ಆಳದ ಮಾತು ಬಂದದ್ದಕ್ಕೆ ಹೇಳುತ್ತೇನೆ. ದೊಡ್ಡವರ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಒಂದು ಕಡೆ ಮುಚ್ಚಿದ ಕೊಳವೆ ಅದು, ಹಾಗಾಗಿ 3,000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನ ಸ್ವರಗಳನ್ನು ತಾನಾಗಿ ಎತ್ತಿ ಕೊಡುತ್ತದೆ. ನಾವು ಹುಟ್ಟಿದಾಗಿನಿಂದ ಹಾಗೇ ಕೇಳಿ ಅಭ್ಯಾಸ. ಇಯರ್‌ಫೋನ್ ಹಾಕಿ ನಾಳದ ಬಾಗಿಲು ಮುಚ್ಚಿದ ತಕ್ಷಣ ಆ ಎತ್ತುವಿಕೆ ಹೋಗುತ್ತದೆ. ಒಳ್ಳೆಯ ಇಯರ್‌ಫೋನ್ ಅದನ್ನು ತಾನೇ ಸೇರಿಸಿ ಕೊಡಬೇಕು. ಕಡಿಮೆ ಸೇರಿಸಿದರೆ ಹಾಡುವವರು ಬಾಗಿಲ ಹಿಂದೆ ನಿಂತ ಹಾಗೆ, ಜಾಸ್ತಿಯಾದರೆ ಕಿವಿಗೇ ಬಂದು ಕಿರುಚಿದ ಹಾಗೆ. ಇನ್ನು ಟಿಪ್ ಮತ್ತು ಕಿವಿ ತಮಟೆಯ ಮಧ್ಯೆ ಉಳಿದ ಜಾಗ ಬೇರೆ ಒಂದು ಸ್ವರವನ್ನು ಎತ್ತುತ್ತದೆ, 8,000 ಹರ್ಟ್ಜ್ ಸುತ್ತಮುತ್ತ. ‘ಸ’, ‘ಶ’ ಅಕ್ಷರಗಳು ಚುಚ್ಚುವುದು ಅಲ್ಲೇ. ಸ್ವಲ್ಪ ಒಳಗೆ ತಳ್ಳಿದರೆ ಅದು ಮೇಲಕ್ಕೆ ಸರಿಯುತ್ತದೆ, ಚುಚ್ಚುವುದು ಕಡಿಮೆಯಾಗಬಹುದು. ಒಂದೇ ಇಯರ್‌ಫೋನ್ ಒಬ್ಬರಿಗೆ ಮೃದು, ಇನ್ನೊಬ್ಬರಿಗೆ ಕರ್ಕಶ ಅನ್ನಿಸುವುದು ಹೀಗೆ. ವಿಮರ್ಶೆ ಬರೆದವರು ಸುಳ್ಳು ಹೇಳಿಲ್ಲ, ಅವರ ಕಿವಿಯ ಸುದ್ದಿ ಹೇಳಿದ್ದಾರೆ.

ಈಗ ಹೋಲಿಕೆ. ಮೊದಲು ಎರಡರ ವಾಲ್ಯೂಮ್ ಸಮ ಮಾಡಿ. ಒಂದು ಚೂರು ಜೋರಾಗಿರುವುದು ನಮಗೆ ಯಾವಾಗಲೂ ‘ಒಳ್ಳೇ ಸೌಂಡ್’ ಅನ್ನಿಸುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಯಾರಾದರೂ ಮಾತಾಡಿದ ರೆಕಾರ್ಡಿಂಗ್ ಹಾಕಿ, ಎರಡರಲ್ಲೂ ಮಾತು ಅಷ್ಟೇ ಜೋರು ಕೇಳುವ ಹಾಗೆ ಮಾಡಿಕೊಂಡು ಆಮೇಲೆ ಹಾಡಿಗೆ ಬನ್ನಿ.

ಮತ್ತೆ, ನೀವು ಎದುರು ಕೂತು ಕೇಳಿದ ಸದ್ದನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ಸಿನಿಮಾ ಹಾಡಿನ ಬೇಸ್ ಅಸಲಿಗೆ ಎಷ್ಟಿತ್ತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ಕುಂದಾಪುರ ಕಡೆಯವನು, ನನ್ನ ಪರೀಕ್ಷೆ ಯಕ್ಷಗಾನ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತು ಕೇಳಿದ ಚೆಂಡೆ ತಲೆಯಲ್ಲಿ ಹಾಗೇ ಇದೆ. ಒಳ್ಳೆಯ ಇಯರ್‌ಫೋನಿನಲ್ಲಿ ಚೆಂಡೆಯ ಪೆಟ್ಟು ಚಟ್ ಅಂತ ಶುರುವಾಗಿ ಚಟ್ ಅಂತ ನಿಲ್ಲಬೇಕು. ಮದ್ದಳೆಯ ಗುಮಕಿ ಅದರಿಂದ ಬೇರೆಯಾಗಿ ಕೇಳಬೇಕು. ಭಾಗವತರ ತಾಳ ಮಿನುಗಬೇಕು, ಇರಿಯಬಾರದು. ನಾನು ಈಗ ಇಟ್ಟುಕೊಂಡಿರುವುದು ಫೈನಲ್ ಕಂಪನಿಯ ಇ3000. ಬೆರಳ ತುದಿಯಷ್ಟು ಸಪೂರ ಸ್ಟೀಲ್ ಕೊಳವೆ, ನನ್ನ ಸಣ್ಣ ಬಲಗಿವಿಗೆ ಸಲೀಸು. ಅದರಲ್ಲಿ ಮದ್ದಳೆ ತುಂಬಿಕೊಂಡು ಬರುತ್ತದೆ. ಇನ್ನೊಂದಿದೆ, ವೈರ್ ಕಿವಿ ಹಿಂದೆ ಸುತ್ತಿ ಹಾಕುವಂಥದ್ದು. ಚೆಂಡೆ ಅದರಲ್ಲೇ ಚೆಂದ, ಆದರೆ ಕಿವಿಯೊಳಗೆ ಹೋಗುವ ಮೂತಿ ದಪ್ಪ, ಕಲ್ಯಾಣದಿಂದ ದಾದರ್ ತನಕ ಹಾಕಿದರೆ ಕಿವಿ ನೋಯುತ್ತದೆ. ಹಾಗಾಗಿ ಅದು ಮನೆಗೆ, ಇದು ರೈಲಿಗೆ.

ಬ್ಲೂಟೂತೋ ವೈರೋ ಅಂತಲೂ ಕೇಳಿದ್ದೀರಿ. ಆ ಬಜೆಟ್ಟಿನಲ್ಲಿ ಬರೀ ಸೌಂಡ್ ಬೇಕಾದರೆ ವೈರ್. ಬ್ಯಾಟರಿ, ಚಿಪ್, ಚಾರ್ಜಿಂಗ್ ಡಬ್ಬಿ ಇವಕ್ಕೆಲ್ಲ ದುಡ್ಡು ಹೋಗುವುದಿಲ್ಲ. ಆದರೆ ತುಂಬಿದ ಲೋಕಲ್‌ನಲ್ಲಿ ಯಾರದೋ ಬ್ಯಾಗಿಗೆ ವೈರ್ ಸಿಕ್ಕಿ ಕಿವಿಯಿಂದ ಕಿತ್ತುಬಂದ ಅನುಭವ ನಿಮಗೂ ಆಗುತ್ತದೆ. ಶರ್ಟಿನೊಳಗಿಂದ ತನ್ನಿ. ಎಎನ್‌ಸಿ (ಹೊರಗಿನ ಸದ್ದನ್ನು ಎದುರು ಸದ್ದಿನಿಂದ ಅಳಿಸುವ ವ್ಯವಸ್ಥೆ) ಇರುವುದು ತಗೊಂಡರೆ ರೈಲಿನ ಗುಡುಗುಡು, ಮೆಟ್ರೋದ ಏಸಿ ಸದ್ದು ಬಹಳ ಕಡಿಮೆಯಾಗುತ್ತದೆ. ‘ಪುಢೀಲ ಸ್ಟೇಷನ್’ (ಮುಂದಿನ ಸ್ಟೇಷನ್) ಅನ್ನುವ ದನಿ, ಪಕ್ಕದವರ ಜಗಳ ಅಷ್ಟೊಂದು ಹೋಗುವುದಿಲ್ಲ, ಅದು ತಡೆಯುವುದು ಮುಖ್ಯವಾಗಿ ಒಂದೇ ಸಮನೆ ಬರುವ ತಗ್ಗಿನ ಸದ್ದನ್ನು. ಉಳಿದದ್ದನ್ನು ತಡೆಯಲು ಮತ್ತೆ ಅದೇ ರಬ್ಬರ್ ಬೇಕು. ಎಲ್‌ಡಿಎಸಿ (ಬ್ಲೂಟೂತಿನಲ್ಲಿ ಹಾಡನ್ನು ಹೆಚ್ಚು ವಿವರದೊಂದಿಗೆ ಕಳಿಸುವ ವಿಧಾನ) ಅಂತ ಬರೆದಿದೆ ಅಂತ ಮರುಳಾಗಬೇಡಿ. ನಿಮ್ಮದು ಐಫೋನ್ ಆದರೆ ಅದು ಓಡುವುದೇ ಇಲ್ಲ.

ಕಿವಿ ಸರಿಯಾಗಿ ಮುಚ್ಚಿದರೆ ವಾಲ್ಯೂಮ್ ತಾನಾಗಿ ಕೆಳಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಸೋರುವ ಇಯರ್‌ಫೋನ್ ಹಾಕಿಕೊಂಡು ರೈಲಿನ ಸದ್ದಿನ ಮೇಲೆ ಹಾಡು ಕೇಳಿಸಬೇಕು ಅಂತ ಏರಿಸುತ್ತಾ ಹೋದರೆ ಆ ಲೆಕ್ಕ ಬೇಗ ಮುಗಿಯುತ್ತದೆ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ರಸ್ತೆ ದಾಟುವಾಗ ಎರಡೂ ತೆಗೆದು ಜೇಬಿಗೆ ಹಾಕಿ.

ಅಂಗಡಿಯಲ್ಲೇ ನೋಡಬೇಕು ಅಂದರೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದೆ. ಭಾನುವಾರ ಹೋಗಬೇಡಿ, ಬಹಳಷ್ಟು ಬಾಗಿಲು ಹಾಕಿರುತ್ತವೆ. ನಿಮ್ಮದೇ ಟಿಪ್ ಜೇಬಲ್ಲಿ ಇಟ್ಟುಕೊಂಡು ಹೋಗಿ. ಊರೆಲ್ಲ ಹಾಕಿ ನೋಡಿದ್ದನ್ನು ಕಿವಿಗೆ ಹಾಕುವುದು ಬೇಡ ಅಲ್ವಾ.

ಅದಕ್ಕೂ ಮೊದಲು ಇವತ್ತು ರಾತ್ರಿ ಡಬ್ಬಿ ತೆಗೆದು ಬಲಗಿವಿಗೆ ಸಣ್ಣ ರಬ್ಬರ್ ಹಾಕಿ ‘ಮ್‌ಮ್‌’ ಅನ್ನಿ. ವಾಪಸ್ ಮಾಡುವ ಕೊನೇ ದಿನ ಯಾವಾಗ ಅಂತ ನೀವು ಬರೆದಿಲ್ಲ, ಅದನ್ನು ನೋಡಿಕೊಳ್ಳಿ. ನಾಳೆ ಘಾಟ್ಕೋಪರ್ ದಾಟಿದ ಮೇಲೂ ಕಿವಿಯಲ್ಲೇ ಇದ್ದರೆ ಇಲ್ಲೇ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಮಾಡೆಲ್ ಹೆಸರು ಹೇಳಿ, ಸಪೂರ ಮೂತಿಯದ್ದು ಯಾವುದಿದೆ ಅಂತ ನೋಡೋಣ.