20,000ಕ್ಕೆ ಕಾಫಿಪುಡಿ ವ್ಯಾಪಾರ ಆಗುತ್ತದಾ ಎಂದು ಕೇಳಿದವರಿಗೆ

ಕೈಯಲ್ಲಿ 20,000 ಇದೆ, ಚಿಕ್ಕಮಗಳೂರಿನಲ್ಲಿ ಮಳಿಗೆ ಹಿಡಿದು ಕಾಫಿಪುಡಿ ಮಾರಲಾ ಎಂದು ಕೇಳಿದ್ದೀರಿ. ಮಾರಿ, ಆದರೆ ಮಳಿಗೆ ಈಗಲೇ ಬೇಡ. ಅಡ್ವಾನ್ಸ್ ಕೊಟ್ಟರೆ ಬೀಜ ಕೊಳ್ಳಲು ದುಡ್ಡೇ ಉಳಿಯುವುದಿಲ್ಲ, ಅಲ್ವಾ? ಮೆಷಿನ್ನೂ ಬೇಡ. ಹುರಿದ ಬೀಜ ತಂದು, ಕೂಲಿಗೆ ಪುಡಿ ಮಾಡಿಕೊಡುವ ಕಡೆ ಮಾಡಿಸಿ, ಅದೂ ಆರ್ಡರ್ ಬಂದಷ್ಟೇ, ಯಾಕೆಂದರೆ ಪುಡಿಯಾದ ಕಾಫಿಯ ಘಮ ಬೇಗ ಹೋಗುತ್ತದೆ, ನಮ್ಮ ಕಡೆ ಜನಕ್ಕೆ ಅದು ಒಂದೇ ಗುಟುಕಿಗೆ ಗೊತ್ತಾಗುತ್ತದೆ.

ಕಾಫಿಗೆ ಬೆರೆಸುವ ಬೇರಿನ ಪುಡಿ, ಅಂದರೆ ಚಿಕೋರಿ ವಿಷಯದಲ್ಲಿ ದಯವಿಟ್ಟು ಮೋಸ ಬೇಡ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಲೇಬೇಕು, ಎಷ್ಟು ಬೆರೆಸಿದ್ದೀರಿ ಎಂದು ಪ್ಯಾಕೆಟ್ ಮೇಲೆ ಬರೆಯಲೂ ಬೇಕು.

ಮೊದಲು ಗುರುತಿನವರ ಮನೆಗಳಿಗೆ ಕಾಲು ಕೆಜಿ ಪ್ಯಾಕೆಟ್ ಕೊಡಿ. ಹೋಟೆಲಿನವರು ಜಾಸ್ತಿ ತಗೊಳ್ಳುತ್ತಾರೆ, ಆದರೆ ಸಾಲ ಹೇಳುತ್ತಾರೆ. ಒಪ್ಪಬೇಡಿ, ಇರುವ ಪುಟ್ಟ ಬಂಡವಾಳ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾರುವ ಮೊದಲೇ ಮಾಡಿಸಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ವ್ಯಾಪಾರ ಕುದುರಿದ ಮೇಲೆ ಬ್ಯಾಂಕಿನಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ ಕೇಳಿ, 50,000ದವರೆಗೆ ಅಡಮಾನ ಇಡಬೇಕಿಲ್ಲ.