ಜೋಳದ ಹೊಲದ ಹಳದಿ ಹಕ್ಕಿ ಗೀಜಗವಲ್ಲ

ಪ್ರಶ್ನೆ: ನಮ್ಮದು ಎರಿ ಹೊಲ. ಹಿಂಗಾರಿ ಬಿಳಿಜೋಳ ಹಾಲುಗಾಳು ಕಟ್ಟೂ ಹೊತ್ತಿಗೆ ಗುಬ್ಬಿಗಿಂತ ತುಸು ದೊಡ್ಡ ಹಳದಿ ಹಕ್ಕಿ ನೂರಾರು ಬಂದು ಕೂಡ್ರತಾವ. ಊರಾಗ ಗೀಜಗ ಅಂತಾರ. ಖರೇ ಏನು? ತಡಿಯೋದು ಹೆಂಗ?
– ಓದುಗರು, ಯಲಬುರ್ಗಾ

ಉತ್ತರ: ಗೀಜಗ ಅಲ್ಲ. ಗಂಡು ಗೀಜಗಕ್ಕೆ ಹಳದಿ ಬಣ್ಣ ಬರುವುದು ಮಳೆಗಾಲದಲ್ಲಿ, ಗೂಡು ನೇಯುವ ತಿಂಗಳುಗಳಲ್ಲಿ. ಹಿಂಗಾರಿ ಜೋಳ ತೆನೆಗಟ್ಟುವಾಗ ಅದು ಹೆಣ್ಣು ಗುಬ್ಬಿಯಷ್ಟೇ ಮಾಸಲು. ಜನವರಿಯಲ್ಲಿ ಹಿಂಡು ಹಿಂಡಾಗಿ ಬರುವ ಹಳದಿ ಹಕ್ಕಿ ಎಂದರೆ ಕರಿತಲೆಯ ಬಂಟಿಂಗ್ ಎಂದುಕೊಳ್ಳಿ. ಬಂಟಿಂಗ್ ಎಂದರೆ ಗುಬ್ಬಿಯಂತೆ ಕಾಳು ತಿನ್ನುವ ಸಣ್ಣ ಹಕ್ಕಿಗಳ ಒಂದು ಗುಂಪು.

ಉದ್ದ 16ರಿಂದ 18 ಸೆಂ.ಮೀ. ಗಂಡಿಗೆ ಕಪ್ಪು ತಲೆ, ಇಟ್ಟಿಗೆಗೆಂಪು ಬೆನ್ನು, ಗಂಟಲಿನಿಂದ ಬಾಲದ ಬುಡದವರೆಗೆ ಒಂದು ಗೆರೆಯೂ ಇಲ್ಲದ ಹಳದಿ. ಆದರೆ ಚಳಿಗಾಲದಲ್ಲಿ ಅನೇಕ ಗಂಡುಗಳ ತಲೆ ಕಪ್ಪಾಗಿ ಕಾಣುವುದಿಲ್ಲ. ಹೊಸ ಗರಿಗಳ ಮಸುಕು ತುದಿ ಕಪ್ಪನ್ನು ಮುಚ್ಚಿರುತ್ತದೆ. ತುದಿ ಸವೆದಂತೆ ಕಪ್ಪು ಹೊರಬಂದು, ಹೊರಡುವ ಹೊತ್ತಿಗೆ ತಲೆಗೆ ಟೊಪ್ಪಿಗೆ ಇಟ್ಟ ಹಾಗಾಗುತ್ತದೆ. ಹಾರುವಾಗ ಬಾಲ ನೋಡಿ: ಬಹಳಷ್ಟು ಬಂಟಿಂಗ್‌ಗಳ ಬಾಲದ ಅಂಚಿನಲ್ಲಿ ಬಿಳಿ ಇರುತ್ತದೆ, ಇದಕ್ಕಿಲ್ಲ. ಹಿಂಡಿನಲ್ಲಿ ತಲೆ, ಎದೆ ಕೆಂಗಂದಾಗಿರುವ ಗಂಡು ಕಂಡರೆ ಅದು ಮಧ್ಯ ಏಷ್ಯಾದಿಂದ ಬರುವ ಕೆಂದಲೆಯ ಬಂಟಿಂಗ್. ಎರಡರ ಹೆಣ್ಣುಗಳೂ ಬೂದುಗಂದು, ಬಾಲದ ಕೆಳಗೆ ತುಸು ಹಳದಿ. ಬದುವಿನ ಮೇಲೆ ನಿಂತು ಅವನ್ನು ಬೇರ್ಪಡಿಸುವ ಗೋಜಿಗೆ ಹೋಗಬೇಡಿ, ಪಳಗಿದವರೂ ಎಡವುತ್ತಾರೆ.

ಇನ್ನು ಕಾವಲು. ಹಕ್ಕಿ ತೆನೆಗೆ ಜೋತುಬಿದ್ದು ಒಂದೊಂದೇ ಕಾಳು ಕಿತ್ತು, ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಉದುರಿಸುತ್ತದೆ. ಹಾಲುಗಾಳಿನಿಂದ ಸೀತನಿ (ಸುಟ್ಟು ತಿನ್ನುವ ಎಳೆಗಾಳು) ಹಂತ ದಾಟಿ ಕಾಳು ಗಟ್ಟಿಯಾಗುವವರೆಗಿನ ಸುಮಾರು ಮೂರು ವಾರವೇ ಮುಖ್ಯ. ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ತಾಸು, ಮುಳುಗುವ ಮುಂಚಿನ ಎರಡು ತಾಸು ಹೊಲದಲ್ಲಿ ಆಳಿರಲಿ. ಉರಿಬಿಸಿಲಲ್ಲಿ ಅಟ್ಟಣೆ ಮೇಲೆ ಕೂತು ಕವಣೆ ಬೀಸುವುದು ಬರೀ ದಣಿವು. ಕೆಂಪು–ಬೆಳ್ಳಿ ಬಣ್ಣದ ಮಿಂಚುವ ಪಟ್ಟಿಯನ್ನು ತೆನೆಗಿಂತ ಒಂದೆರಡು ಅಡಿ ಮೇಲೆ, ಐದು ಮೀಟರಿಗೊಂದು ಸಾಲಿನಂತೆ, ಎರಡು ಮೂರು ತಿರುವು ಕೊಟ್ಟು ಕಟ್ಟಿ. ತಿರುವು ಇಲ್ಲದಿದ್ದರೆ ಗಾಳಿಗೆ ಮಿಂಚೂ ಇಲ್ಲ, ಗುಂಯ್ ಎನ್ನುವ ಸದ್ದೂ ಇಲ್ಲ. ಬಿತ್ತಿದಾಗಲೇ ಕಟ್ಟಿಬಿಟ್ಟರೆ ತೆನೆ ಬರುವಷ್ಟರಲ್ಲಿ ಹಕ್ಕಿಗೆ ಅದು ರೂಢಿಯಾಗಿ, ಅದರ ಮೇಲೇ ಕೂರುತ್ತದೆ. ಹಾಲುಗಾಳು ಶುರುವಾದಾಗ ಕಟ್ಟಿ, ನಡುವೆ ಜಾಗ ಬದಲಿಸಿ, ಹಲಗೆ ಬಡಿಯುವುದನ್ನೂ ಸೇರಿಸಿ.

ಪೆಟ್ಟು ಹೆಚ್ಚು ಬೀಳುವುದು ಬಳ್ಳಾರಿ ಜಾಲಿಗೆ ತಾಗಿದ ಅಂಚಿನ ಸಾಲುಗಳಿಗೆ. ಹೆದರಿದ ಹಿಂಡು ಮುಳ್ಳುಪೊದೆ ಸೇರಿ ಮತ್ತೆ ಇಳಿಯುತ್ತದೆ. ಸುತ್ತಲಿನವರಿಗಿಂತ ಮೊದಲೇ ಬಿತ್ತಿದವರ ಹೊಲಕ್ಕೂ ಇದೇ ಗತಿ. ಓಣಿಯವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ. ತೆನೆಯನ್ನೇ ಕತ್ತರಿಸಿ ಕೆಳಗೆ ಬೀಳಿಸಿದ್ದರೆ ಅದು ಗಿಳಿಯ ಕೆಲಸ, ಇವುಗಳದ್ದಲ್ಲ.

ಪ್ರಶ್ನೆ: ಇವುಗಳ ಗೂಡು ಎಲ್ಲೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತವೆ?
– ಓದುಗರು, ಲಿಂಗಸುಗೂರು

ಉತ್ತರ: ಇಲ್ಲಿ ಗೂಡು ಕಟ್ಟುವುದೇ ಇಲ್ಲ. ಮರಿ ಮಾಡುವ ನಾಡು ಆಗ್ನೇಯ ಯುರೋಪು, ಟರ್ಕಿಯಿಂದ ಇರಾನ್‌ವರೆಗೆ. ಅಲ್ಲಿ ದ್ರಾಕ್ಷಿ ತೋಟ, ತಗ್ಗು ಪೊದೆಗಳಲ್ಲಿ ಗೂಡು, ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ. ಇಲ್ಲಿ ಕಾಳು ತಿನ್ನುವ ಹಕ್ಕಿ ಅಲ್ಲಿ ಮರಿಗೆ ಉಣಿಸುವುದು ಮಿಡತೆಯಂಥ ಹುಳುಗಳನ್ನು. ಯುರೋಪಿನ ಎಷ್ಟೋ ಸಣ್ಣ ಹಕ್ಕಿಗಳು ಚಳಿಗೆ ಆಫ್ರಿಕಾಕ್ಕೆ ಇಳಿದರೆ ಇದು ಪೂರ್ವಕ್ಕೆ ತಿರುಗಿ ಭಾರತಕ್ಕೆ ಬರುತ್ತದೆ. ಪಯಣ ಹೆಚ್ಚಾಗಿ ರಾತ್ರಿ. ಸೆಪ್ಟೆಂಬರ್ ನಂತರ ಬಂದು ಮಾರ್ಚ್–ಏಪ್ರಿಲ್‌ಗೆ ಹೊರಡುತ್ತದೆ. ಹೊರಡುವ ಸೂಚನೆ ಕೊಡುವುದು ಹಗಲಿನ ಉದ್ದ: ಹಗಲು ಬೆಳೆದಂತೆ ಹೆಚ್ಚು ತಿಂದು ಚರ್ಮದಡಿ ಕೊಬ್ಬು ತುಂಬಿಕೊಳ್ಳುತ್ತದೆ, ದಾರಿಯ ಬುತ್ತಿ ಅದೇ. ನೋಡಬೇಕೆಂದರೆ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಿಂತ ಮಳೆಯಾಶ್ರಿತ ಎರಿಭೂಮಿ ಮೇಲು. ರಾಶಿ ಮುಗಿದ ಕಣದ ಸುತ್ತ ಉದುರಿದ ಕಾಳಿಗೂ ಬರುತ್ತವೆ.

ಪ್ರಶ್ನೆ: ಹಿಡಿದು ಪಂಜರದಲ್ಲಿ ಸಾಕಬಹುದೇ?
– ಓದುಗರು, ಸಂಡೂರು

ಉತ್ತರ: ಇಲ್ಲ. ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಳಿಗೆ ವಿಷ ಬೆರೆಸಿ ಎರಚುವುದೂ ಅಷ್ಟೇ. ಅದನ್ನು ತಿನ್ನುವುದು ಇವು ಮಾತ್ರವಲ್ಲ, ಮನೆಯ ಕೋಳಿಯೂ ಹೌದು.